ಕಥೆಯ ದುಃಖಕ್ಕೊಂದು ಮಂಗಳ

ಕಟ್ಟುಕಥೆಯನ್ನೋದಿ ಕಣ್ಣೀರಿಡುವ ಹುಡುಗಿಗೆ ಏನು ಹೇಳಬೇಕು? ತಾಯ್ತಂದೆಗಳು ಈ ಪ್ರಶ್ನೆಯನ್ನು ನಮ್ಮ ಬಳಿಗೆ ತರುವದುಂಟು. ಮಗಳು ಕಾದಂಬರಿಯ ಕೊನೆಯ ಪುಟವನ್ನು ಮುಗಿಸಿದಂದಿನಿಂದ ಸರಿಯಾಗಿ ಉಣ್ಣುವದಿಲ್ಲವೆಂದು ಒಬ್ಬರು ಹೇಳುವರು. ಧಾರಾವಾಹಿಯಲ್ಲಿ ಯಾರೋ ಸತ್ತರೆಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲವೆಂದು ಇನ್ನೊಬ್ಬರು ಹೇಳುವರು. ಇದಕ್ಕೆಲ್ಲ ಪುಸ್ತಕಗಳೇ ಕಾರಣ, ಪರೀಕ್ಷೆ ಮುಗಿಯುವ ವರೆಗೆ ಅವಳಿಗೆ ಪುಸ್ತಕ ಕೊಡಬೇಡಿರಿ ಎಂದು ಮತ್ತೊಬ್ಬರು ಕೇಳಿಕೊಳ್ಳುವರು. ಹಳೇ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಅನೇಕರು ಒಂದು ಕಾಲದಲ್ಲಿ ದಿಂಬಿನಡಿಯಲ್ಲಿ ಪುಸ್ತಕವನ್ನು ಅಡಗಿಸಿಟ್ಟು ಅತ್ತವರೇ. ಈಗ ನಿಮ್ಮ ಹೆಣ್ಣುಮಕ್ಕಳು ಅಳುವದನ್ನು ಕಂಡು ಕೆಲವರು ನಗುತ್ತೀರಿ, ಕೆಲವರು ಗದರುತ್ತೀರಿ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಈ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುವದು ಉಚಿತವೆಂದು ನಮಗೆ ತೋರಿತು.

ನಾವು ಹೇಳತಕ್ಕದ್ದು ಸಂಕ್ಷೇಪದಲ್ಲಿ ಇಷ್ಟೇ. ಕಥೆಗಾಗಿ ಅಳುವದು ರೋಗವೂ ಅಲ್ಲ, ಹುಚ್ಚೂ ಅಲ್ಲ. ಆದರೆ ದುಃಖವು ಯಾವದೇ ಆಗಿರಲಿ, ಅದಕ್ಕೆ ಒಂದು ಮುಗಿತಾಯವೂ ಒಬ್ಬ ಜೊತೆಗಾರರೂ ಹೊರಗೆ ಹರಿಯುವದಕ್ಕೆ ಒಂದು ದಾರಿಯೂ ಬೇಕು. ಕಥೆ ಹೇಳುವ ಪದ್ಧತಿಯಲ್ಲಿಯೇ ನಮ್ಮ ನಾಡಿನ ಹಿರಿಯರು ಈ ಮೂರನ್ನೂ ಏರ್ಪಡಿಸಿದ್ದರು. ಅಚ್ಚಿನ ಪುಸ್ತಕವನ್ನು ಮೂಲೆಯಲ್ಲಿ ಒಬ್ಬಳೇ ಕುಳಿತು ಓದುವ ಹುಡುಗಿಗೂ, ಮೊಬೈಲಿನಲ್ಲಿ ಒಬ್ಬಳೇ ನೋಡುವ ಹುಡುಗಿಗೂ ಈ ಮೂರೂ ತಪ್ಪಿಹೋಗಿವೆ. ಅವುಗಳನ್ನು ಮನೆಯೂ ಶಾಲೆಯೂ ಕೂಡಿ ತಿರಿಗಿ ಒದಗಿಸಿಕೊಡಬೇಕು.

ಮೊದಲು, ಇಂಥ ದುಃಖವು ಅಲ್ಪಬುದ್ಧಿಯವರಿಗೆ ಮಾತ್ರ ಬರತಕ್ಕದ್ದೆಂಬ ಭ್ರಾಂತಿಯನ್ನು ಬಿಡೋಣ. ಸಭೆಯ ಮಹಾ ಪಂಡಿತರಲ್ಲಿ ಒಬ್ಬನಾದ ಅಗಸ್ಟೀನನು, ತಾನು ಬಾಲಕನಾಗಿ ಶಾಲೆಯಲ್ಲಿ ವರ್ಜಿಲ್ ಕವಿಯ ಕಾವ್ಯವನ್ನೋದುವಾಗ ದೀದೋ ಎಂಬ ರಾಣಿಯ ಮರಣಕ್ಕಾಗಿ ಅತ್ತದ್ದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ 1893ರಲ್ಲಿ ಕಾನನ್ ಡಾಯ್ಲ್ ಎಂಬ ಗ್ರಂಥಕರ್ತನು ತಾನೇ ಸೃಷ್ಟಿಸಿದ ಪತ್ತೇದಾರ ಶೆರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಬೀಳಿಸಿ ಕಥೆಯನ್ನು ಮುಗಿಸಿದಾಗ, ಓದುಗರು ಸಿಟ್ಟಿನ ಪತ್ರಗಳನ್ನು ಬರೆದರು. ಅನೇಕರು ಆ ಮಾಸಪತ್ರಿಕೆಯ ಚಂದಾವನ್ನೇ ನಿಲ್ಲಿಸಿದರು. ಕಡೆಗೆ 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಪತ್ರ ಬರೆದವರು ಮಕ್ಕಳಲ್ಲ, ಕಚೇರಿ ವ್ಯಾಪಾರಗಳಲ್ಲಿದ್ದ ದೊಡ್ಡವರು. ಅಮೇರಿಕದ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲಿ, ಟೆಲಿವಿಷನ್ ನೋಡುವವರು ಅದರಲ್ಲಿ ಕಾಣುವವರನ್ನು ತಮ್ಮ ಆಪ್ತರೆಂದೇ ಭಾವಿಸುವರೆಂದು ತೋರಿಸಿ ಆ ಏಕಮುಖ ಸ್ನೇಹಕ್ಕೆ ಒಂದು ಶಾಸ್ತ್ರೀಯ ಹೆಸರನ್ನೂ ಇಟ್ಟರು. ನಮ್ಮ ದೇಶದಲ್ಲಂತೂ ಆದಿಕಾವ್ಯವೇ ಇಂಥ ಮರುಕದಿಂದ ಹುಟ್ಟಿತೆಂದು ಪ್ರತೀತಿ. ಬೇಡನ ಬಾಣಕ್ಕೆ ಬಿದ್ದ ಕ್ರೌಂಚ ಪಕ್ಷಿಯನ್ನೂ ಅದರ ಜೊತೆಯ ಗೋಳನ್ನೂ ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂದು ಆಲಂಕಾರಿಕರು ಹೇಳುತ್ತಾರೆ.

ನಿಜವಾದವರನ್ನು ಪ್ರೀತಿಸುವದಕ್ಕೆ ಒಂದು ಹೃದಯ, ಕಥೆಯವರನ್ನು ಪ್ರೀತಿಸುವದಕ್ಕೆ ಇನ್ನೊಂದು ಹೃದಯ ಎಂದು ನಮಗೆ ಎರಡು ಹೃದಯಗಳಿಲ್ಲ. ಇರುವದು ಒಂದೇ. ಮುನ್ನೂರು ಪುಟಗಳ ತನಕ ಒಬ್ಬಳ ಸುಖದುಃಖಗಳಲ್ಲಿ ಸೇರಿಕೊಂಡವಳು ಮುನ್ನೂರ ಒಂದನೆಯ ಪುಟದಲ್ಲಿ ಅವಳನ್ನು ಕಳಕೊಂಡರೆ, ಕಳಕೊಂಡದ್ದು ಸುಳ್ಳಲ್ಲ. ವ್ಯತ್ಯಾಸವೇನೆಂದರೆ, ನಿಜವಾದ ಮರಣವಾದಾಗ ನೆರೆಯವರು ಬರುತ್ತಾರೆ. ಒಲೆ ಹಚ್ಚದ ಮನೆಗೆ ಗಂಜಿ ತಂದುಕೊಡುತ್ತಾರೆ. ನಮ್ಮವರಲ್ಲಿ ಪ್ರಾರ್ಥನೆಗೆ ಕೂಡುತ್ತಾರೆ, ನೆರೆಯ ಹಿಂದು ಬಂಧುಗಳಲ್ಲಿ ಬೊಜ್ಜದ ದಿನ ಊರೇ ಸೇರುತ್ತದೆ. ಇಂತಿಷ್ಟು ದಿನ ಅಳಬೇಕು, ಇಂಥ ದಿನ ಎದ್ದು ಕೆಲಸಕ್ಕೆ ಹೋಗಬೇಕೆಂಬ ಒಂದು ಕ್ರಮವಿದೆ. ಕಥೆಯಲ್ಲಿ ಸತ್ತವರಿಗಾಗಿ ಅಳುವ ಹುಡುಗಿಯ ಬಳಿಗೆ ಯಾರು ಬರುತ್ತಾರೆ? ಅವಳ ದುಃಖಕ್ಕೆ ಬೊಜ್ಜದ ದಿನ ಯಾವದು?

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಯಕ್ಷಗಾನದ ಆಟವನ್ನೇ ನೋಡಿರಿ. ಚಕ್ರವ್ಯೂಹದಲ್ಲಿ ಬಾಲಕ ಅಭಿಮನ್ಯುವು ಬೀಳುವಾಗ ಮುಂದೆ ಚಾಪೆಯ ಮೇಲೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಆದರೆ ಆಟವು ಅಳುವಿನಲ್ಲಿ ಮುಗಿಯತಕ್ಕದ್ದಲ್ಲ. ಕೊನೆಗೆ ಭಾಗವತರು ಮಂಗಳವನ್ನು ಹಾಡಲೇ ಬೇಕು. ಚೌಕಿಯಲ್ಲಿ ದೇವರಿಗೆ ಆರತಿಯಾಗಲೇ ಬೇಕು. ಬಿದ್ದ ಅಭಿಮನ್ಯುವು ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು ಚಹ ಕುಡಿಯುವದನ್ನು ಇಣಿಕಿ ನೋಡಿದ ಮಗುವು ನಗುತ್ತ ಮನೆಗೆ ಹೋಗುತ್ತದೆ. ಈಗ ಕೆಲವು ಮೇಳದವರು ರಾತ್ರಿಯಿಡೀ ಆಡದೆ ಕಾಲಮಿತಿಯ ಆಟವನ್ನು ಆಡುವರಾದರೂ ಮಂಗಳವನ್ನು ಬಿಟ್ಟವರಿಲ್ಲ. ಮನೆಯ ಜಗಲಿಯಲ್ಲಿ ವೇಷವಿಲ್ಲದೆ ನಡೆಯುವ ತಾಳಮದ್ದಳೆಗೂ ಇದೇ ಕ್ರಮ. ಗಮಕ ವಾಚನದಲ್ಲಿ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥವನ್ನು ವಿವರಿಸುತ್ತಾರೆ; ಕೇಳುಗರನ್ನು ಕಥೆಯೊಡನೆ ಒಂಟಿಯಾಗಿ ಬಿಡುವದಿಲ್ಲ. ಕುಮಾರವ್ಯಾಸನ ಭಾರತವು ಹತ್ತೇ ಪರ್ವಗಳಲ್ಲಿ ನಿಂತು, ಯುದ್ಧದ ರಕ್ತದಲ್ಲಿ ಮುಗಿಯದೆ ಧರ್ಮರಾಯನ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ಹಳ್ಳಿಯ ಅಜ್ಜಿಯರು ಕಥೆ ಹೇಳಿ ಮುಗಿಸುವಾಗ, ಅವರು ಅಲ್ಲಿ ಇದ್ದಾರೆ, ನಾವು ಇಲ್ಲಿದ್ದೇವೆ ಎಂಬರ್ಥದ ಮಾತನ್ನು ಸೇರಿಸುವ ವಾಡಿಕೆಯುಂಟು. ಎಷ್ಟು ಚಿಕ್ಕ ಮಾತು! ಆದರೆ ಕಥೆಯೊಳಗೆ ಹೋಗಿದ್ದ ಮಗುವಿನ ಕೈ ಹಿಡಿದು ಅದು ಹೊಸ್ತಿಲು ದಾಟಿಸಿ ಹೊರಗೆ ತರುತ್ತದೆ.

ಪ್ರತಿಯೊಬ್ಬ ಕನ್ನಡ ಬಾಲೆಯೂ ಅತ್ತಿರುವ ಗೋವಿನ ಹಾಡನ್ನು ನೆನಸಿಕೊಳ್ಳಿರಿ. ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತಿನಂತೆ ಕರುವನ್ನು ಬಿಟ್ಟು ಹಿಂದೆ ಬಂದಳು. ಹುಲಿಯು ಪಶ್ಚಾತ್ತಾಪದಿಂದ ತಾನೇ ಪ್ರಾಣ ಬಿಟ್ಟಿತು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಪೂರ್ಣವಾದ ಹಾಡು ಅಲ್ಲಿಗೆ ನಿಲ್ಲುವದಿಲ್ಲ. ಪುಣ್ಯಕೋಟಿಯು ಮನೆಗೆ ಬಂದು ಕರುವಿಗೆ ಹಾಲುಣಿಸುತ್ತಾಳೆ. ಅನಂತರ ಗೊಲ್ಲನನ್ನು ಕರೆದು, ಮುಂದೆ ತನ್ನ ವಂಶದ ಗೋವುಗಳೂ ಅವನ ವಂಶದ ಗೊಲ್ಲರೂ ಪ್ರತಿ ಸಂಕ್ರಾಂತಿಯಲ್ಲಿ ಕೃಷ್ಣನನ್ನು ಭಜಿಸಬೇಕೆಂದು ಕಟ್ಟುಮಾಡುತ್ತಾಳೆ. ಮೊದಲು ಹಸಿದ ಕರುವಿಗೆ ಹಾಲು. ಬಳಿಕ ವರುಷಕ್ಕೊಮ್ಮೆ ಸ್ಮರಣೆ. ಸಾವಿನ ದವಡೆಯಿಂದ ಬಂದ ದುಃಖವನ್ನು ಹೇಗೆ ಇಳಿಸಬೇಕೆಂಬದನ್ನು ಹಾಡಿನ ಕವಿಯು ಹಾಡಿನೊಳಗೇ ಕಲಿಸಿದ್ದಾನೆ. ಪಾಠ ಮಾಡುವಾಗ ಹುಲಿಯ ಮರಣಕ್ಕೆ ನಿಲ್ಲಿಸಿಬಿಡುವವರು ಈ ಕೊನೆಯ ಭಾಗವನ್ನು ಓದಿಸದೆ ಮಕ್ಕಳಿಗೆ ಅನ್ಯಾಯ ಮಾಡುತ್ತಾರೆಂದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ವೇಣೂರಿನಿಂದ ಬಹುದೂರವಲ್ಲದ, ಕಾರ್ಕಳ ಸೀಮೆಯ ನಂದಳಿಕೆ ಎಂಬ ಊರನ್ನು ನೋಡೋಣ. ಕಥೆಗೆ ಮನಸೋತ ಹೆಂಗಸರ ವಿಷಯದಲ್ಲಿ ಆ ಒಂದೇ ಊರು ಎರಡು ಪಾಠಗಳನ್ನು ಕೊಡುತ್ತದೆ.

ಮೊದಲನೆಯದು ಪುಸ್ತಕದೊಳಗಿನದು. ಮುದ್ದಣನೆಂದು ಹೆಸರಾದ ನಂದಳಿಕೆ ಲಕ್ಷ್ಮೀನಾರಣಪ್ಪನವರು (1870–1901) ಶಾಲಾ ಉಪಾಧ್ಯಾಯರಾಗಿದ್ದವರು. ಬಡತನದಲ್ಲಿಯೂ ರೋಗದಲ್ಲಿಯೂ ಬರೆದು, ಮೂವತ್ತೊಂದನೆಯ ವರುಷದಲ್ಲಿ ತೀರಿಹೋದರು. ಅವರ ಶ್ರೀರಾಮಾಶ್ವಮೇಧದಲ್ಲಿ ಕಥೆಯನ್ನು ಕವಿಯು ಬರಿದೇ ಹೇಳುವದಿಲ್ಲ. ಮಳೆಗಾಲದ ಹೊತ್ತಿನಲ್ಲಿ ತನ್ನ ಮಡದಿ ಮನೋರಮೆಗೆ ಹೇಳುತ್ತಾನೆ. ಅವಳು ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆಂದು ಹಟ ಹಿಡಿಯುತ್ತಾಳೆ; ನಡುನಡುವೆ ತಡೆದು ಪ್ರಶ್ನೆ ಕೇಳುತ್ತಾಳೆ; ಆಕ್ಷೇಪಿಸುತ್ತಾಳೆ; ನಗುತ್ತಾಳೆ; ಮುನಿಯುತ್ತಾಳೆ. ಕವಿಯು ಅದಕ್ಕೆಲ್ಲ ಉತ್ತರ ಕೊಟ್ಟು, ಸಮಾಧಾನಪಡಿಸಿ, ಮುಂದಕ್ಕೆ ಸಾಗುತ್ತಾನೆ. ಇಂದಿಗೂ ಜನರು ಆ ಗ್ರಂಥದ ರಾಮನ ಕುದುರೆಯನ್ನು ಮರೆತರೂ ಮನೋರಮೆಯನ್ನು ಮರೆತಿಲ್ಲ. ಇದರ ಕಾರಣವೇನು? ಕಥೆ ಕೇಳುವವಳಿಗೂ ಕಥೆಯಲ್ಲಿ ಒಂದು ಸ್ಥಾನವುಂಟೆಂದು ಆ ಕವಿಯು ಒಪ್ಪಿಕೊಂಡದ್ದೇ. ಮನೋರಮೆಗೆ ಸಿಕ್ಕಿದ ಈ ಭಾಗ್ಯವು ನಮ್ಮ ಹುಡುಗಿಯರಿಗೂ ಸಿಕ್ಕಬೇಕು: ಓದಿದ್ದನ್ನು ಕುರಿತು ತಡೆದು ಮಾತಾಡಲು ಒಬ್ಬರು ಬೇಕು.

ಎರಡನೆಯದು ಊರ ಬಯಲಿನದು. ಅದೇ ನಂದಳಿಕೆಯಲ್ಲಿ ವರುಷಕ್ಕೊಮ್ಮೆ ಹುಣ್ಣಿಮೆಯ ರಾತ್ರಿ ಸಿರಿ ಜಾತ್ರೆ ನಡೆಯುತ್ತದೆ. ಸಿರಿಯು ತುಳು ಪಾಡ್ದನದ ನಾಯಕಿ. ದಾರಿ ತಪ್ಪಿದ ಗಂಡನನ್ನು ಬಿಟ್ಟು, ಕೂಸನ್ನೆತ್ತಿಕೊಂಡು, ಮಾನವನ್ನು ಬಿಡದೆ ನಡೆದವಳು. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗರು. ನಮ್ಮ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಈ ಕಥೆಯನ್ನು ಹಾಡಿದಾಗ, ಫಿನ್ಲೆಂಡಿನ ಲೌರಿ ಹಾಂಕೊ ಎಂಬ ವಿದ್ವಾಂಸರು ಇಲ್ಲಿಯ ವಿವೇಕ ರೈ, ಚಿನ್ನಪ್ಪ ಗೌಡ ಇವರೊಡಗೂಡಿ ಅದನ್ನು ದಾಖಲಿಸಿದರು. ಅದು 15,683 ಸಾಲುಗಳಾಯಿತು. 1998ರಲ್ಲಿ ಗ್ರಂಥರೂಪವಾಗಿ ಹೊರಬಂತು. ಅಕ್ಷರದ ಹಂಗಿಲ್ಲದೆ ಒಬ್ಬರ ನೆನಪಿನಲ್ಲಿ ಇಷ್ಟು ದೊಡ್ಡ ಕಾವ್ಯವಿದ್ದದ್ದು ಲೋಕಕ್ಕೆ ಆಶ್ಚರ್ಯವಾಯಿತು.

ನಂಬುವವರಿಗೆ ಸಿರಿಯು ಕಲ್ಪಿತ ವ್ಯಕ್ತಿಯಲ್ಲ, ದೈವ. ಅದು ನಮ್ಮ ಮತದ ಆಚಾರವಲ್ಲವಾದರೂ ನೆರೆಯವರ ಭಕ್ತಿಯನ್ನು ಗೌರವದಿಂದ ಕಾಣುವದು ನಮ್ಮ ಧರ್ಮ. ನಾವಿಲ್ಲಿ ನೋಡತಕ್ಕದ್ದು ಆ ಜಾತ್ರೆಯಲ್ಲಿ ದುಃಖಿತಳಾದ ಹೆಂಗಸಿಗೆ ಮಾಡಿಟ್ಟ ಏರ್ಪಾಡನ್ನು. ಮನೆಯಲ್ಲಿ ಹೇಳಿಕೊಳ್ಳಲಾರದ ಸಂಕಟವುಳ್ಳವಳು ಅಲ್ಲಿಗೆ ಬರುತ್ತಾಳೆ. ಮೊದಲು ಬರೇ ನಡುಗುತ್ತಾಳೆ, ಅಳುತ್ತಾಳೆ. ಸಿರಿಯ ಮಗನಾದ ಕುಮಾರನ ಪಾತ್ರಿಯು ನೀನು ಯಾರು, ನಿನಗೇನಾಯಿತೆಂದು ತಾಳ್ಮೆಯಿಂದ ಕೇಳುತ್ತಾನೆ. ಅವಳು ಆ ಕಥೆಯ ಹೆಂಗಸರಲ್ಲಿ ಒಬ್ಬಳಾಗಿ ಬಾಯಿ ಬಿಟ್ಟು ಮಾತಾಡುತ್ತಾಳೆ. ಮುಂಚಿನಿಂದ ಬರುತ್ತಿರುವ ಹಿರಿಯ ಹೆಂಗಸರು ಅವಳ ಸುತ್ತ ನಿಂತಿರುತ್ತಾರೆ. ಮುಂದಿನ ವರುಷವೂ ಅವಳು ಬರುತ್ತಾಳೆ. ಹೆಸರಿಲ್ಲದ ಸಂಕಟಕ್ಕೆ ಕಥೆಯಲ್ಲಿ ಒಂದು ಹೆಸರು, ಒಂಟಿಯಾದವಳಿಗೆ ಒಂದು ಬಳಗ, ಅಳುವದಕ್ಕೆ ಒಂದು ಗೊತ್ತಾದ ರಾತ್ರಿ. ಕಥೆಯನ್ನು ಕೇಳಿ ಅಳುವವಳು ಅನೇಕ ಸಾರಿ ಕಥೆಗಾಗಿ ಮಾತ್ರ ಅಳುವದಿಲ್ಲವೆಂಬದನ್ನು ಈ ನಾಡಿನ ಜನರು ಶಾಸ್ತ್ರಗ್ರಂಥಗಳಿಲ್ಲದೆಯೇ ತಿಳಿದಿದ್ದರು.

ಅಬ್ಬಗ ದಾರಗರ ವಿಷಯವಾದರೋ ನಮ್ಮೆಲ್ಲರ ಮನೆಗೂ ಬಂದಿದೆ. ಆ ಅಕ್ಕತಂಗಿಯರು ಚೆನ್ನೆಮಣೆ ಆಡುತ್ತಿದ್ದಾಗ ಜಗಳವಾಗಿ, ಒಬ್ಬಳು ಮತ್ತೊಬ್ಬಳನ್ನು ಅದೇ ಮಣೆಯಿಂದ ಹೊಡೆದಳು. ಕಡೆಗೆ ಇಬ್ಬರೂ ಅಳಿದರು. ಅದಕ್ಕಾಗಿ ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ಕಟ್ಟುಪಾಡು ತುಳುನಾಡಿನಲ್ಲಿ ಉಂಟು. ಮೂಢನಂಬಿಕೆಯೆಂದು ತಳ್ಳಿಬಿಡುವ ಮೊದಲು ಸ್ವಲ್ಪ ಯೋಚಿಸಿರಿ. ಎಂದೋ ಸತ್ತ ಇಬ್ಬರು ಹುಡುಗಿಯರ ಮೇಲಣ ಮರುಕವನ್ನು ಅಜ್ಜಿಯು ಮೊಮ್ಮಕ್ಕಳ ಕೈಗೆ ಕೊಟ್ಟದ್ದು ಹೇಗೆ? ನಿಮ್ಮೊಳಗೆ ಜಗಳ ಬೇಡವೆಂಬ ಎಚ್ಚರಿಕೆಯಾಗಿಯೇ. ಅಲ್ಲಿ ಸತ್ತವರಿಗಾಗಿ ಪಟ್ಟ ದುಃಖವು ಇಲ್ಲಿ ಬದುಕಿರುವವರನ್ನು ಕಾಯುತ್ತದೆ.

ಅಚ್ಚಿನ ಪುಸ್ತಕ ಬಂದ ಮೇಲೆ ಈ ಕ್ರಮವು ಬದಲಾಯಿತು. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಮೊದಲನೆಯ ಕನ್ನಡ ಪತ್ರಿಕೆಯಾದ ಮಂಗಳೂರ ಸಮಾಚಾರವು 1843ರಲ್ಲಿ ಮೊಗ್ಲಿಂಗ್ ಪಾದ್ರಿಯವರ ಸಂಪಾದಕತ್ವದಲ್ಲಿ ಹೊರಟಿತು. 1899ರಲ್ಲಿ ಅದೇ ಮಿಶನಿನ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಎಂಬ ಕಾದಂಬರಿಯು ಪ್ರಕಟವಾಯಿತು. ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಹೇಳುವದು ಅದನ್ನೇ. ಬಾಲವಿಧವೆಯೊಬ್ಬಳು ವಿದ್ಯೆ ಕಲಿತು, ಪುನರ್ವಿವಾಹವಾಗಿ, ಮಾನದಿಂದ ಬಾಳಿದ ಕಥೆಯದು. ಬಂಟವಾಳದ ಪಂಜೆ ಮಂಗೇಶರಾಯರು (1874–1937) ಪಾಡ್ದನದ ಕೋಟಿ ಚೆನ್ನಯರ ಕಥೆಯನ್ನು ಗದ್ಯದಲ್ಲಿ ಬರೆದು ಮಕ್ಕಳ ಕೈಗಿತ್ತರು. ಇವು ದೊಡ್ಡ ಉಪಕಾರಗಳು. ಓದು ಬಲ್ಲ ಹುಡುಗಿಯು ಯಾರ ಅಪ್ಪಣೆಗೂ ಕಾಯದೆ ತನ್ನಷ್ಟಕ್ಕೆ ಕಥೆಯನ್ನು ಪಡಕೊಂಡಳು. ಆದರೆ ಭಾಗವತರೂ ಅರ್ಥಧಾರಿಗಳೂ ಅಜ್ಜಿಯೂ ಆ ಪುಸ್ತಕದೊಡನೆ ಬರಲಿಲ್ಲ. ಮಂಗಳವನ್ನು ಹಾಡುವವರಿಲ್ಲದೆ ಕಥೆ ಮುಗಿಯುತ್ತದೆ. ದೀಪವನ್ನಾರಿಸಿ ಅವಳು ಕತ್ತಲಲ್ಲಿ ಒಬ್ಬಳೇ ಮಲಗುತ್ತಾಳೆ.

ಆ ಒಂಟಿತನದಲ್ಲಿ ಏನೇನು ಅಡಗಿರಬಹುದೆಂಬದಕ್ಕೆ ತರಗತಿಯಿಂದ ಒಂದು ಉದಾಹರಣೆಯನ್ನು ಹೇಳುವೆವು. ಗೋವಿನ ಹಾಡನ್ನು ಸರದಿಯಂತೆ ಓದಿಸುತ್ತಿದ್ದಾಗ, ಒಬ್ಬ ಹುಡುಗಿಯು ಕರುವಿನ ಮಾತುಗಳು ಬಂದಲ್ಲಿ ನಿಂತುಬಿಟ್ಟಳು. ಬೇರೆ ಮಕ್ಕಳು ನಕ್ಕರು. ವಿಚಾರಿಸಲಾಗಿ, ಅವಳ ತಾಯಿಯು ದಾದಿಯ ಕೆಲಸಕ್ಕಾಗಿ ಕೊಲ್ಲಿಯ ದೇಶಕ್ಕೆ ಹೋಗಿ ಆಗಲೇ ಎರಡು ವರುಷಗಳಾಗಿದ್ದವು. ತಾಯಿ ಹೋದ ದಿನ ಅಳದವಳು, ದೂರವಾಣಿಯಲ್ಲಿ ಮಾತಾಡುವಾಗಲೂ ಅಳದವಳು, ಯಾರ ಬಳಿಯಲ್ಲಿ ಮಲಗಲಿ ಎಂದು ಕೇಳುವ ಕರುವಿಗಾಗಿ ಅತ್ತಳು. ಪಾಠ ಮಾಡುತ್ತಿದ್ದ ಶಿಕ್ಷಕಿಯು ಗದರಲಿಲ್ಲ, ಕಾರಣವನ್ನು ತರಗತಿಗೆ ಬಯಲುಮಾಡಲೂ ಇಲ್ಲ. ಪುಣ್ಯಕೋಟಿಯು ಹಿಂದೆ ಬಂದು ಹಾಲುಣಿಸುವ ಭಾಗವನ್ನು ಎಲ್ಲರೂ ಕೂಡಿ ಓದೋಣವೆಂದು ಹೇಳಿದರು, ಹುಡುಗಿಯೂ ದನಿಗೂಡಿಸಿದಳು. ಅಂದಿನ ಸಂಜೆಯೇ ಅವಳು ತಾಯಿಗೆ ನಾಲ್ಕು ಪುಟಗಳ ಕಾಗದ ಬರೆದಳು. ಇದು ಬರೇ ಕಥೆ, ಅಳಬೇಡ ಎಂದಿದ್ದರೆ ಆ ಕಾಗದವು ಹುಟ್ಟುತ್ತಿರಲಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ನಾವು ಶಾಲೆಯಲ್ಲಿ ರೂಢಿಸಿಕೊಂಡ ಕೆಲವು ಸಣ್ಣ ಪದ್ಧತಿಗಳನ್ನು ಇಲ್ಲಿ ಬರೆಯುತ್ತೇವೆ. ಇವಕ್ಕೆ ದುಡ್ಡು ಬೇಡ, ಪಾಂಡಿತ್ಯವೂ ಬೇಡ.

ಮೊದಲನೆಯದು, ಮುಗಿತಾಯ. ಮನಸ್ಸನ್ನು ಕಲಕಿದ ಪುಸ್ತಕವನ್ನು ಮುಗಿಸಿದ ಕೂಡಲೆ ಇನ್ನೊಂದನ್ನು ತೆರೆಯಬಾರದು. ಕೊನೆಯ ಪುಟವನ್ನು ಒಮ್ಮೆ ಗಟ್ಟಿಯಾಗಿ ಓದಿ, ಪುಸ್ತಕವನ್ನು ಮುಚ್ಚಿ, ಅದರ ಸ್ಥಳದಲ್ಲಿ ಇಡಬೇಕು. ಆಮೇಲೆ ಸಂಜೆಯ ಪ್ರಾರ್ಥನೆಯೋ ಒಂದು ಕೀರ್ತನೆಯೋ ಆಗಲಿ. ಬೇರೆ ಮತದವರ ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗಲಿ. ಇದು ಮಂಗಳದ ಸ್ಥಾನದಲ್ಲಿ ನಿಲ್ಲುತ್ತದೆ. ಮಲಗುವ ಹೊತ್ತಿನಲ್ಲಿ ಹಾಸಿಗೆಯ ಮೇಲೆ ಕಥೆಯ ಕೊನೆಯನ್ನು ಓದದಿರುವದು ಉತ್ತಮ.

ಎರಡನೆಯದು, ಹೇಳಿಕೊಳ್ಳುವದು. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆಯುಂಟು. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಯಾರಿಗೂ ಹೇಳದೆ ಎರಡನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಅವು ಉಸಿರುಗಟ್ಟಿ, ಅವಳು ನಿದ್ರಿಸುವಾಗ ಹೊರಗೆ ಬಂದು, ಗಂಡಸಿನ ಪಾದರಕ್ಷೆಯೂ ಅಂಗಿಯೂ ಆಗಿ ಮನೆಯಲ್ಲಿ ಕುಳಿತು, ಗಂಡಹೆಂಡಿರ ನಡುವೆ ಸಂಶಯ ಹುಟ್ಟಿಸಿದವು. ಕಥೆಯನ್ನು ಒಳಗೆ ಅದುಮಿಟ್ಟರೆ ಅದು ಬೇರೆ ರೂಪದಿಂದ ಹೊರಗೆ ಬರುವದೆಂಬದು ಇದರ ತಾತ್ಪರ್ಯ. ಆದ್ದರಿಂದ ಮಗಳು ಓದಿದ ಕಥೆಯನ್ನು ಅವಳ ಬಾಯಿಂದಲೇ ಕೇಳಿರಿ. ಅಕ್ಕಿ ಆರಿಸುವಾಗಲೋ ಮಲ್ಲಿಗೆ ಕಟ್ಟುವಾಗಲೋ ಕೇಳಿದರೆ ಸಾಕು. ನಡುವೆ ಮನೋರಮೆಯಂತೆ ಒಂದೆರಡು ಪ್ರಶ್ನೆ ಹಾಕಿರಿ. ಉಪದೇಶವನ್ನು ಮಾತ್ರ ಹಾಕಬೇಡಿರಿ.

ಮೂರನೆಯದು, ಕೈಗೆ ಕೆಲಸ. ನಮ್ಮ ಗದ್ದೆಗಳಲ್ಲಿ ಹೆಂಗಸರು ನೇಜಿ ನೆಡುತ್ತ ಪಾಡ್ದನಗಳನ್ನು ಹಾಡುತ್ತಿದ್ದರು. ಯಂತ್ರದ ನಾಟಿ ಬಂದ ಮೇಲೆ ಆ ದನಿಯು ಅಪೂರ್ವವಾಗಿದೆ. ಬಾಯಲ್ಲಿ ಸಿರಿಯ ಗೋಳಿದ್ದರೂ ಕೈಯಲ್ಲಿ ನಾಳಿನ ಅನ್ನವಿತ್ತು. ಹುಡುಗಿಯು ಇಷ್ಟಪಟ್ಟ ಒಂದು ಭಾಗವನ್ನು ಚೆನ್ನಾದ ಅಕ್ಷರದಲ್ಲಿ ನಕಲು ಮಾಡಲಿ. ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಲಿ. ಬಟ್ಟೆಯ ತುಂಡಿನ ಮೇಲೆ ಕಸೂತಿ ಹಾಕಿ ಪುಟಗುರುತನ್ನು ಮಾಡಲಿ. ಆ ಕಥೆಯವಳ ನೆನಪಿಗೆ ಒಂದು ಗಿಡ ನೆಡಲಿ.

ನಾಲ್ಕನೆಯದು, ಗೊತ್ತಾದ ಕಾಲ. ವೇಣೂರಿನಲ್ಲಿ ಫಲ್ಗುಣಿ ಹೊಳೆಯ ಬಳಿ, 1604ರಲ್ಲಿ ತಿಮ್ಮಣ್ಣ ಅಜಿಲ ಅರಸನು ನಿಲ್ಲಿಸಿದ ಬಾಹುಬಲಿಯ ವಿಗ್ರಹವುಂಟು. ಅಣ್ಣನನ್ನು ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನು ಬಿಟ್ಟ ಆತನ ಚರಿತ್ರೆಯನ್ನು ಪಂಪಕವಿಯು 941ರಲ್ಲಿ ಕನ್ನಡದಲ್ಲಿ ಬರೆದನು. ಜೈನ ಬಂಧುಗಳು ಹನ್ನೆರಡು ವರುಷಗಳಿಗೊಮ್ಮೆ ಆತನಿಗೆ ಮಹಾಮಸ್ತಕಾಭಿಷೇಕ ಮಾಡುತ್ತಾರೆ. 2024ರಲ್ಲಿ ಅದು ನಡೆದದ್ದನ್ನು ನಾವೆಲ್ಲರೂ ಕಂಡೆವು. ಪೂಜ್ಯವಾದದ್ದನ್ನು ದಿನವೂ ಕೆದಕದೆ ಕಾಲಕಾಲಕ್ಕೆ ಸ್ಮರಿಸುವದರಲ್ಲಿ ಒಂದು ವಿವೇಕವಿದೆ. ಪ್ರಿಯವಾದ ಪುಸ್ತಕಕ್ಕೂ ಇದನ್ನು ಅನ್ವಯಿಸಬಹುದು. ಅಳಿಸಿದ ಪುಟವನ್ನೇ ದಿನವೂ ತೆರೆಯುವ ಬದಲು, ಬರುವ ಆಟಿಯ ಮಳೆಯಲ್ಲಿ ಪೂರ್ತಿಯಾಗಿ ತಿರಿಗಿ ಓದುವೆನೆಂದು ಗೊತ್ತುಮಾಡಿ ಕಪಾಟಿನಲ್ಲಿಡಲಿ. ವರುಷ ಕಳೆದು ಓದುವಾಗ ಅವಳೂ ಬೆಳೆದಿರುವಳು, ದುಃಖವೂ ಪಕ್ವವಾಗಿರುವದು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅದಿಲ್ಲವಾದರೆ ಉಳಿದ ನಾಲ್ಕೂ ಬರೇ ವಿನೋದವಾಗುವವು. ಅದು ಯಾವದೆಂದರೆ, ಕಣ್ಣೀರು ಕಥೆಯಿಂದ ಹೊರಟು ಬದುಕಿರುವವರ ಬಳಿಗೆ ಹೋಗುವದು. ಅಗಸ್ಟೀನನು ತನ್ನ ಅಳುವನ್ನು ಕುರಿತು ಪಶ್ಚಾತ್ತಾಪಪಟ್ಟದ್ದು ಇದಕ್ಕಾಗಿಯೇ: ದೀದೋವಿಗಾಗಿ ಅತ್ತವನು ತನ್ನ ಆತ್ಮದ ದುರವಸ್ಥೆಗಾಗಿ ಅಳಲಿಲ್ಲವಲ್ಲಾ ಎಂದು ಅವನಿಗೆ ತೋರಿತು. ಸತ್ಯವೇದದಲ್ಲಿ, ಸಮುವೇಲನ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ, ನಾತಾನ ಪ್ರವಾದಿಯು ದಾವೀದ ಅರಸನಿಗೆ ಒಂದು ಕಟ್ಟುಕಥೆಯನ್ನು ಹೇಳಿದನು. ಬಡವನೊಬ್ಬನು ಮಗಳಂತೆ ಸಾಕಿದ್ದ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ತನ್ನ ಅತಿಥಿಗಾಗಿ ಕೊಯ್ಯಿಸಿದ ಕಥೆ. ಇಲ್ಲದ ಕುರಿಮರಿಗಾಗಿ ಅರಸನ ಹೃದಯವು ಉರಿಯಿತು. ಆ ಉರಿಯನ್ನು ಪ್ರವಾದಿಯು ಹಾಸ್ಯ ಮಾಡಲಿಲ್ಲ; ಅದನ್ನೇ ದೀಪವಾಗಿ ಹಿಡಿದು, ಆ ಐಶ್ವರ್ಯವಂತನು ದಾವೀದನೇ ಎಂದು ತೋರಿಸಿಕೊಟ್ಟನು. ಕರ್ತನು ಹೇಳಿದ ಸಾಮ್ಯಗಳೂ ಹೀಗೆಯೇ. ತಪ್ಪಿಹೋದ ಮಗನು ಹಿಂದೆ ಬಂದ ಕಥೆಯಲ್ಲಿ, ಸಿಟ್ಟಾಗಿ ಹೊರಗೆ ನಿಂತ ಅಣ್ಣನು ಒಳಗೆ ಹೋದನೋ ಇಲ್ಲವೋ ಎಂದು ಕರ್ತನು ಹೇಳದೆ ಬಿಟ್ಟಿದ್ದಾನೆ. ಆ ಕಥೆಯನ್ನು ಕೇಳಿದವರು ತಮ್ಮ ಮನೆಯಲ್ಲಿ ಮುಗಿಸಬೇಕು.

ನಮ್ಮ ಕನ್ನಡ ಕಾದಂಬರಿಗಳೂ ಇದನ್ನೇ ಕೇಳುತ್ತವೆ. ತ್ರಿವೇಣಿಯವರ (1928–1963) ಶರಪಂಜರವನ್ನೋದಿ, ಅಥವಾ ಅದು ಚಲಚ್ಚಿತ್ರವಾಗಿ ಬಂದಾಗ ನೋಡಿ, ಕಾವೇರಿಗಾಗಿ ಅಳದ ಹೆಂಗಸರು ಅಪೂರ್ವ. ಮನೋರೋಗದಿಂದ ಗುಣಹೊಂದಿ ಮನೆಗೆ ಬಂದವಳನ್ನು ಮನೆಯವರೂ ನೆರೆಯವರೂ ಸಂಶಯದ ಕಣ್ಣುಗಳಿಂದಲೇ ಇರಿದು ಕೆಡಹಿದರು. ಸರಿ, ಅತ್ತೆವು. ಆದರೆ ಅಂಥ ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಂಗಸು ನಮ್ಮ ಬೀದಿಯಲ್ಲಿದ್ದರೆ, ಅವಳ ಕೈಯ ಕಾಫಿಯನ್ನು ನಾವು ಕುಡಿಯುತ್ತೇವೆಯೇ? ಮದುವೆಮನೆಯಲ್ಲಿ ಅವಳ ಬಳಿ ಕುಳಿತು ಮಾತಾಡುತ್ತೇವೆಯೇ? ಶಿವರಾಮ ಕಾರಂತರ ಚೋಮನ ದುಡಿಯಲ್ಲಿ (1933), ಮುಟ್ಟಬಾರದವನ ಮಗನೆಂದು ಯಾರೂ ನೀರಿಗಿಳಿಯದೆ ಚೋಮನ ಹುಡುಗನು ಎಲ್ಲರ ಕಣ್ಣೆದುರು ಮುಳುಗಿಹೋದನು. ಓದಿ ಎದೆ ಒಡೆಯುತ್ತದೆ. ಒಡೆದ ಎದೆಯುಳ್ಳ ಹುಡುಗಿಯು ಮರುದಿನ ಊಟದ ಹೊತ್ತಿನಲ್ಲಿ ಯಾರ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾಳೆಂಬದನ್ನು ನಾವು ಉಪಾಧ್ಯಾಯಿನಿಯರು ನೋಡುತ್ತೇವೆ. ಕಾದಂಬರಿಯ ಪರೀಕ್ಷೆಯು ಅಲ್ಲಿಯೇ ಆಗುವದು. ಆದುದರಿಂದ ಕಥೆಯೊಂದು ಅಳಿಸಿದಾಗಲೆಲ್ಲ ಒಂದೇ ಒಂದು ಕೆಲಸ ಮಾಡೆಂದು ನಾವು ಹುಡುಗಿಯರಿಗೆ ಹೇಳುತ್ತೇವೆ: ಆ ಕಥೆಯವಳಂತಿರುವ ಒಬ್ಬರನ್ನು ನಿನ್ನ ಊರಿನಲ್ಲಿ ನೆನಸಿಕೋ, ಅವರಿಗೆ ಒಂದು ಸಹಾಯ ಮಾಡು, ಯಾರಿಗೂ ಹೇಳಬೇಡ.

ಪೋಷಕರಿಗೆ ಒಂದು ಎಚ್ಚರಿಕೆಯ ಮಾತು. ಕಥೆಯ ದುಃಖವು ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗತಕ್ಕದ್ದು. ವಾರಗಳು ಕಳೆದರೂ ನಿದ್ದೆ, ಊಟ, ಗೆಳತಿಯರ ಸಂಗ ಇವು ತಪ್ಪಿದರೆ, ಅಥವಾ ಬದುಕೇ ಬೇಡವೆಂಬ ಮಾತು ಒಮ್ಮೆಯಾದರೂ ಬಂದರೆ, ಅದನ್ನು ಕಥೆಯ ಮೇಲೆ ಹೊರಿಸಿ ಸುಮ್ಮನಿರಬೇಡಿರಿ. ಅದರ ಬೇರು ಬೇರೆ ಕಡೆಯಲ್ಲಿದ್ದೀತು. ಆಗ ಮೃದುವಾಗಿ ವಿಚಾರಿಸಿರಿ, ಉಪಾಧ್ಯಾಯಿನಿಯರಿಗೆ ತಿಳಿಸಿರಿ, ತಡಮಾಡದೆ ವೈದ್ಯರನ್ನು ಕಾಣಿರಿ. ಯಾವ ಸಂದರ್ಭದಲ್ಲಿಯೂ ಪುಸ್ತಕವನ್ನು ಕಸಕೊಂಡು ಹರಿಯಬೇಡಿರಿ, ನಾಲ್ಕು ಜನರೆದುರಿನಲ್ಲಿ ಅವಳ ಕಣ್ಣೀರನ್ನು ಹೇಳಿ ನಗಬೇಡಿರಿ. ಇಂದು ಕಾವೇರಿಗಾಗಿ ಅತ್ತದ್ದಕ್ಕೆ ನಗೆಗೀಡಾದವಳು ನಾಳೆ ತನ್ನ ಸ್ವಂತ ಕಷ್ಟವನ್ನು ನಿಮ್ಮ ಬಳಿಗೆ ತರುವದಿಲ್ಲ. ಗಂಡನ ಮನೆಯಿಂದ ತರುವದಿಲ್ಲ, ಪರದೇಶದಿಂದ ತರುವದಿಲ್ಲ. ಹೇಳಿದರೆ ನಗುವರೆಂದು ಅವಳು ಬಾಲ್ಯದಲ್ಲಿಯೇ ಕಲಿತುಬಿಟ್ಟಿರುವಳು.

ಪ್ರಿಯ ಹಳೇ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ತಾಯಂದಿರಾಗಿದ್ದೀರಿ, ಕೆಲವರು ಅಜ್ಜಿಯರಾಗಿದ್ದೀರಿ, ಅನೇಕರು ಶಿಕ್ಷಕಿಯರಾಗಿಯೂ ದಾದಿಯರಾಗಿಯೂ ದೂರದ ಊರುಗಳಲ್ಲಿ ಸೇವೆ ಮಾಡುತ್ತೀರಿ. ನಿಮ್ಮ ಮನೆಯಲ್ಲಿ ಕಣ್ಣು ಕೆಂಪಾದ ಹುಡುಗಿಯೊಬ್ಬಳು ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತರೆ, ಏನಾಯಿತೆಂದು ಗದರಬೇಡಿರಿ. ಯಾರಿಗೆ ಏನಾಯಿತು ಎಂದು ಕೇಳಿ, ಬಳಿಯಲ್ಲಿ ಕುಳಿತುಕೊಳ್ಳಿರಿ. ಅವಳು ಕಥೆಯನ್ನು ಪೂರ್ತಿಯಾಗಿ ಹೇಳಲಿ. ಮುಗಿದ ಮೇಲೆ ಇಬ್ಬರೂ ಕೂಡಿ ಎದ್ದು ಮನೆಯ ಕೆಲಸಕ್ಕೆ ತೊಡಗಿರಿ.